ನಳಿನಿಬಾಯಿಯ ತಲೆಗೆ ಬಿದ್ದ ಸಣ್ಣ ಪೆಟ್ಟು

ವಡೋದರಾದ ಗೋರ್ವಾದಲ್ಲಿ ನಳಿನಿಬಾಯಿ ಎಂದು ಕೇಳಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗರ್ಬಾ ಹಾಡುವ ನಳಿನಿಬೆನ್ ಎಂದರೆ ಸಾಕು, ರಿಕ್ಷಾದವರು ಮನೆಯ ಗೇಟಿನ ತನಕ ತಂದು ಬಿಡುತ್ತಿದ್ದರು.

ಹುಟ್ಟಿದ್ದು ಧಾರವಾಡದಲ್ಲಿ. ಗಂಡ ಹಯವದನರಾಯರು ಬ್ಯಾಂಕಿನವರು. ಎಂಬತ್ತರ ದಶಕದಲ್ಲಿ ವಡೋದರಾಕ್ಕೆ ವರ್ಗವಾಗಿ ಬಂದಾಗ ನಳಿನಿಬಾಯಿಗೆ ಗುಜರಾತಿಯ ಒಂದಕ್ಷರವೂ ಬರುತ್ತಿರಲಿಲ್ಲ. ತರಕಾರಿ ಗಾಡಿಯವಳ ಜೊತೆ ಕೈಸನ್ನೆಯಲ್ಲಿ ವ್ಯವಹಾರ. ಮೊದಲ ನವರಾತ್ರಿಗೆ ಸೊಸೈಟಿಯ ಅಂಗಳದಲ್ಲಿ ಹೆಂಗಸರು ಗರ್ಬಾ ಕುಣಿಯುತ್ತ ಸುತ್ತು ಹಾಕುವುದನ್ನು ಬಾಲ್ಕನಿಯಿಂದ ನೋಡಿದರು. ಎರಡನೆಯ ನವರಾತ್ರಿಗೆ ಕೆಳಗಿಳಿದು ಹಿಂದಿನ ಸಾಲಿನಲ್ಲಿ ಚಪ್ಪಾಳೆ ತಟ್ಟಿದರು. ಕೆಲವು ವರ್ಷ ಕಳೆಯುವುದರೊಳಗೆ ಮೈಕು ಅವರ ಕೈಗೇ ಬಂದಿತ್ತು. ಚಿಕ್ಕಂದಿನಲ್ಲಿ ದಾಸರ ಪದ ಹಾಡಿ ಪಳಗಿದ ಗಂಟಲು. ಗರ್ಬಾದ ಓಟಕ್ಕೂ ಒಗ್ಗಿಹೋಯಿತು. ರಾಯರು ನಿವೃತ್ತರಾದಾಗ ಊರಿಗೆ ಹೋಗೋಣವೆಂಬ ಮಾತು ಬಂದಿತ್ತು. ನಳಿನಿಬಾಯಿ ಒಪ್ಪಲಿಲ್ಲ. "ಅಲ್ಲಿ ನಂಗ ಯಾರು ಗುರ್ತು ಹಿಡೀತಾರ್ರೀ? ಇಲ್ಲೆ ಹಾಲಿನಾಂವಾ ಸೈತ ಹಾಡ್ ಕೇಳ್ತಾನ" ಎಂದರು. ಆ ಮಾತು ಅಲ್ಲಿಗೆ ಮುಗಿಯಿತು.

ಎಪ್ಪತ್ತು ದಾಟಿದ ಮೇಲೆ ಅವರ ಹೃದಯದ ಬಡಿತ ತಾಳ ತಪ್ಪತೊಡಗಿತು. ಕೆಲವೊಮ್ಮೆ ಓಡುತ್ತಿತ್ತು, ಕೆಲವೊಮ್ಮೆ ಮುಗ್ಗರಿಸುತ್ತಿತ್ತು. ಹೀಗಾದರೆ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗಿ ಲಕ್ವಾ ಹೊಡೆಯಬಹುದೆಂದು ಹೃದಯದ ಡಾಕ್ಟರು ರಕ್ತ ತೆಳುವಾಗುವ ಗುಳಿಗೆ ಬರೆದುಕೊಟ್ಟರು. ಜೊತೆಗೆ ಬಿ.ಪಿ.ಗೆ ಒಂದು. ರಕ್ತ ಎಷ್ಟು ತೆಳುವಾಗಿದೆ ಎಂದು ಆಗಾಗ ಪರೀಕ್ಷೆ ಮಾಡಿಸಬೇಕು, ಬಿಡಬಾರದು ಎಂದೂ ಹೇಳಿದ್ದರು. ಮೊದಲು ತಪ್ಪದೆ ಹೋದರು. ಆಮೇಲೆ, ಎಲ್ಲ ಸರಿಯಿದೆಯಲ್ಲ ಎಂದು, ಹೋಗುವುದು ವಿರಳವಾಯಿತು. ನಡುವೆ ಮೊಣಕಾಲು ನೋವು ಶುರುವಾಯಿತು. ಬೀದಿಯ ಕೊನೆಯ ಮೆಡಿಕಲ್ ಅಂಗಡಿಯಲ್ಲಿ ನೋವಿನ ಗುಳಿಗೆ ಕೇಳಿದರೆ ಕೊಡುತ್ತಿದ್ದರು. ಗರ್ಬಾದ ದಿನಗಳಲ್ಲಿ ಹೆಚ್ಚು ನುಂಗುತ್ತಿದ್ದರು. ನವರಾತ್ರಿ ಮುಗಿದರೂ ಆ ರೂಢಿ ಮುಗಿಯಲಿಲ್ಲ. ಈ ಗುಳಿಗೆಗೂ ಆ ಗುಳಿಗೆಗೂ ಆಗಿಬರುವುದಿಲ್ಲವೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಅವರೂ ಕೇಳಿರಲಿಲ್ಲ.

ಆ ವರ್ಷದ ಉತ್ತರಾಯಣ. ಗುಜರಾತಿನಲ್ಲಿ ಸಂಕ್ರಾಂತಿಯ ದಿನ ನೆಲದ ಮೇಲೆ ಯಾರೂ ಇರುವುದಿಲ್ಲ, ಎಲ್ಲರೂ ಟೆರೇಸಿನ ಮೇಲೆ. ಆಕಾಶ ತುಂಬ ಗಾಳಿಪಟ. ರಾಯರಿಗೆ ಗದ್ದಲ ಸೇರದು, ಕೆಳಗೆ ಟಿ.ವಿ. ಮುಂದೆ ಕೂತಿದ್ದರು. ಹೆಂಡತಿಗೆ ಮೊದಲೇ ಹೇಳಿದ್ದರು: "ಮೊಣಕಾಲು ನೋವು ಅಂತಿ, ಮೆಟ್ಟಿಲು ಹತ್ತಬ್ಯಾಡ." ನಳಿನಿಬಾಯಿ ಹೂಂ ಎಂದರು, ಎಳ್ಳಿನ ಚಿಕ್ಕಿಯ ಡಬ್ಬಿ ಹಿಡಿದುಕೊಂಡು ಹತ್ತಿಯೇ ಬಿಟ್ಟರು.

ಮೇಲೆ ಪಕ್ಕದ ಮನೆಯ ಕೋಕಿಲಾಬೆನ್ ಇದ್ದರು, ಅವರ ನೆಂಟರಿಷ್ಟರಿದ್ದರು. ಯಾರದೋ ಕೆಂಪು ಪಟ ಯಾರದೋ ಹಸಿರು ಪಟದ ದಾರ ಕೊಯ್ಯುವ ಹಂತಕ್ಕೆ ಬಂತು. ಎಲ್ಲರೂ ಕೂಗತೊಡಗಿದರು. ನಳಿನಿಬಾಯಿಯೂ ತಲೆ ಎತ್ತಿ, ಪಟ ಹೋದತ್ತ ನೋಡುತ್ತ ಹಿಂದಕ್ಕೆ ಹೆಜ್ಜೆ ಹಾಕಿದರು. ನೀರಿನ ಟಾಕಿಯಿಂದ ಬಂದ ಪೈಪು ಹಿಮ್ಮಡಿಗೆ ಸಿಕ್ಕಿತು. ಕೂತಂತೆ ಬಿದ್ದರು. ಬೀಳುವಾಗ ತಲೆ ಟಾಕಿಯ ಸಿಮೆಂಟು ಅಂಚಿಗೆ ಟಕ್ಕೆಂದು ತಗುಲಿತು. ಎಲ್ಲರ ಕಣ್ಣೂ ಆಕಾಶದಲ್ಲಿತ್ತು. ಒಬ್ಬರೂ ನೋಡಲಿಲ್ಲ.

ಅವರು ಟಾಕಿ ಹಿಡಿದುಕೊಂಡು ಎದ್ದರು. ತಲೆಯ ಎಡಭಾಗ ಮುಟ್ಟಿ ನೋಡಿದರು. ರಕ್ತ ಇರಲಿಲ್ಲ. ಕಣ್ಣು ಕತ್ತಲೆ ಬರಲಿಲ್ಲ. ಬಾಗಿಲ ಚೌಕಟ್ಟಿಗೆ ಇದಕ್ಕಿಂತ ಜೋರಾಗಿ ಎಷ್ಟೋ ಸಲ ಬಡಿಸಿಕೊಂಡಿದ್ದುಂಟು. ಸೀರೆ ಝಾಡಿಸಿಕೊಂಡು ಚಿಕ್ಕಿ ಹಂಚಿದರು. ಕೆಳಗೆ ಬಂದಾಗ ರಾಯರು "ಎಲ್ಲಿ ಹೋಗಿದ್ದಿ?" ಎಂದರು.

"ಇಲ್ಲೇ, ಕೋಕಿಲಾಬೆನ್ ಮನಿಗೆ."

ಬಿದ್ದೆ ಎಂದರೆ ಇನ್ನು ಮೇಲೆ ಟೆರೇಸಿಗಷ್ಟೇ ಅಲ್ಲ, ನವರಾತ್ರಿಯ ಅಂಗಳಕ್ಕೂ ಬಿಡುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ರಾತ್ರಿ ಉಳಿದ ಅಡುಗೆ ಬಿಸಿ ಮಾಡಿ ಬಡಿಸಿದರು. ಮರುದಿನ ತಲೆಯ ಮೇಲೆ ಬೋರೆಕಾಯಿಯಷ್ಟು ಗಂಟಿತ್ತು, ಕೂದಲಲ್ಲಿ ಕಾಣುತ್ತಿರಲಿಲ್ಲ. ಎರಡು ದಿನದಲ್ಲಿ ಅದೂ ಇಳಿಯಿತು. ಹೊರಗಿನದು ಇಳಿಯಿತು. ಒಳಗೆ ಕೂದಲೆಳೆಯಂಥ ನಾಳವೊಂದು ಹರಿದಿತ್ತು, ತೆಳುವಾದ ರಕ್ತ ಮೆಲ್ಲಗೆ ಜಿನುಗುತ್ತಿತ್ತು.

ಜನವರಿ ಮುಗಿಯಿತು. ಫೆಬ್ರುವರಿಯ ಮೊದಲಲ್ಲಿ ತಲೆನೋವು ಬಂತು. ಎಡಗಡೆ ಒತ್ತಿ ಹಿಡಿದಂಥ ನೋವು, ಬೆಳಿಗ್ಗೆ ಹೆಚ್ಚು. ನಳಿನಿಬಾಯಿ ಮೊಣಕಾಲಿನ ಗುಳಿಗೆಯನ್ನೇ ಅದಕ್ಕೂ ನುಂಗಿದರು. ಹಗಲು ಹೊತ್ತು ಎಂದೂ ಮಲಗದವರು ಊಟವಾದ ಕೂಡಲೇ ನಿದ್ದೆ ಹೋಗತೊಡಗಿದರು, ಎಬ್ಬಿಸಿದರೆ ಸಿಡುಕುತ್ತಿದ್ದರು. ಸಾರಿಗೆ ಒಂದು ದಿನ ಉಪ್ಪಿಲ್ಲ, ಮರುದಿನ ಎರಡು ಪಟ್ಟು. ಬಲಗಾಲಿನ ಚಪ್ಪಲಿ ಕಾಲಿನಿಂದ ಜಾರಿ ಹಿಂದೆಯೇ ಉಳಿಯುತ್ತಿತ್ತು, ಅವರಿಗೆ ಅದರ ಅರಿವೇ ಇಲ್ಲದೆ ಬರಿಗಾಲಲ್ಲಿ ಅಡುಗೆಮನೆಗೆ ಹೋಗುತ್ತಿದ್ದರು. ರಾಯರು ಹಿಂದಿನಿಂದ ಚಪ್ಪಲಿ ಎತ್ತಿಕೊಂಡು ಹೋಗಿ ಕೊಡುತ್ತ, "ವಯಸ್ಸಾತು ನೋಡು ನಮಗ" ಎಂದು ನಗುತ್ತಿದ್ದರು.

ಮೊದಲು ಗಾಬರಿಯಾದದ್ದು ಕೋಕಿಲಾಬೆನ್‌ಗೆ. ಒಂದು ಸಂಜೆ ರಾಯರು ಹಾಲು ತರಲು ಇಳಿದಾಗ ಗೇಟಿನ ಬಳಿ ತಡೆದು, ಅಕ್ಕಪಕ್ಕ ನೋಡಿ, ದನಿ ತಗ್ಗಿಸಿದರು. ಗುಜರಾತಿಯಲ್ಲೇ ಹೇಳಿದರು, ರಾಯರಿಗೆ ಅರ್ಥವಾಗುತ್ತಿತ್ತು.

"ಭಾಯಿ, ನಳಿನಿಬೆನ್‌ಗೆ ನನ್ನ ಮೇಲೆ ಸಿಟ್ಟೇನಾದರೂ ಬಂದಿದೆಯಾ?"

"ಇಲ್ಲವಲ್ಲ. ಯಾಕೆ?"

"ನಿನ್ನೆ ನನ್ನ ಜೊತೆ ಬಹಳ ಹೊತ್ತು ಮಾತಾಡಿದರು. ಎಲ್ಲ ನಿಮ್ಮ ಭಾಷೆಯಲ್ಲೇ. ನಾನು ನಕ್ಕೆ, ಬೆನ್, ಗುಜರಾತಿಯಲ್ಲಿ ಹೇಳಿ ಅಂದೆ. ಅವರು ನನ್ನ ಮುಖ ನೋಡಿದರು. ನಾನು ಮಾತಾಡಿದ್ದೇ ಅವರಿಗೆ ತಿಳಿಯಲಿಲ್ಲವೇನೋ ಅನ್ನಿಸಿತು. ನಲವತ್ತು ವರ್ಷದಿಂದ ನನ್ನ ಜೊತೆ ಜಗಳವನ್ನೂ ಗುಜರಾತಿಯಲ್ಲೇ ಆಡಿದವರು, ಭಾಯಿ. ಒಮ್ಮೆ ಡಾಕ್ಟರಿಗೆ ತೋರಿಸಿ."

ರಾಯರು ಮನೆಗೆ ಬಂದು ಹೆಂಡತಿಯ ಎದುರು ಕೂತರು. ಪರೀಕ್ಷೆ ಮಾಡುವಂತೆ ಗುಜರಾತಿಯಲ್ಲಿ ಕೇಳಿದರು, "ಕೇಮ್ ಛೋ?" ಎಂದು. ಹೇಗಿದ್ದೀರಿ ಎಂಬುದಕ್ಕೆ ಆ ಊರಿನ ಕೂಸೂ ಉತ್ತರ ಕೊಡುತ್ತದೆ. ನಳಿನಿಬಾಯಿ ಹುಬ್ಬು ಗಂಟಿಕ್ಕಿ, "ಏನಂತೀರಿ? ಸರಿಯಾಗಿ ಮಾತಾಡ್ರಿ" ಎಂದರು.

ರಾಯರು ಹಾಲಿನ ಚೀಲ ನೆಲಕ್ಕಿಟ್ಟು ಮಗನಿಗೆ ಫೋನು ಮಾಡಿದರು.

ಮಗ ಸಂತೋಷ್ ಅಹಮದಾಬಾದಿನ ಬಡಾವಣೆಯಾದ ಸ್ಯಾಟಲೈಟ್‌ನಲ್ಲಿದ್ದ. ಅಪ್ಪನ ಫೋನು ಬಂದ ವಾರದ ಕೊನೆಗೇ ಕಾರು ತಂದು ತಂದೆತಾಯಿ ಇಬ್ಬರನ್ನೂ ಕರೆದುಕೊಂಡು ಹೋದ. ಮನೆ ಹತ್ತಿರದ ಕ್ಲಿನಿಕ್ಕಿನಲ್ಲಿ ತೋರಿಸಿದರು. ಅಲ್ಲಿನ ಡಾಕ್ಟರು ಇವತ್ತು ಯಾವ ವಾರ, ನಿಮ್ಮ ಊರು ಯಾವುದು ಎಂದೆಲ್ಲ ಹಿಂದಿಯಲ್ಲಿ ಕೇಳಿದರು. ನಳಿನಿಬಾಯಿ ಗೋಡೆ ನೋಡುತ್ತ ಕೂತರು. ಮರೆವಿನ ಕಾಯಿಲೆಯ ಆರಂಭ ಇರಬೇಕು, ಈ ವಯಸ್ಸಿಗೆ ಸಾಮಾನ್ಯ ಎಂದು ಶಕ್ತಿಯ ಗುಳಿಗೆ ಬರೆದುಕೊಟ್ಟರು. ತಿಂಗಳು ಬಿಟ್ಟು ಬನ್ನಿ ಎಂದರು. ಮರೆವಿನ ಕಾಯಿಲೆ ವರ್ಷಗಟ್ಟಲೆ ನಿಧಾನವಾಗಿ ಬರುತ್ತದೆ, ಹೀಗೆ ಕೆಲವೇ ವಾರಗಳಲ್ಲಿ ಮನುಷ್ಯರನ್ನು ಬದಲಿಸುವುದಿಲ್ಲ ಎಂಬ ಮಾತು ಅಲ್ಲಿ ಯಾರ ಬಾಯಿಂದಲೂ ಬರಲಿಲ್ಲ. ಸಂತೋಷ್‌ಗೆ ಒಂದು ಬಗೆಯ ಸಮಾಧಾನವೇ ಆಯಿತು. ಕಾಯಿಲೆಗೆ ಹೆಸರು ಸಿಕ್ಕಿತಲ್ಲ!

ಹಗಲು ಮನೆಯಲ್ಲಿ ಸೊಸೆ ರಚನಾ, ಮಧ್ಯಾಹ್ನದ ಮೇಲೆ ಕಾಲೇಜಿನಿಂದ ಬರುವ ಮೊಮ್ಮಗಳು ಪೂರ್ವಿ. ಪೂರ್ವಿ ಹುಟ್ಟಿ ಬೆಳೆದದ್ದೆಲ್ಲ ಅಹಮದಾಬಾದ್. ಅಜ್ಜಿಯೊಡನೆ ಅವಳು ಯಾವಾಗಲೂ ಗುಜರಾತಿಯಲ್ಲೇ ಹರಟುತ್ತಿದ್ದಳು, ಅಜ್ಜಿಗೂ ಅದೇ ಸಲೀಸಾಗಿತ್ತು. ಈಗ ಅಜ್ಜಿಯ ಹತ್ತಿರ ಉಳಿದಿದ್ದದ್ದು ಕನ್ನಡವೊಂದೇ. ಅದೂ ತುಂಡುತುಂಡಾಗಿ.

ಒಂದು ಮಧ್ಯಾಹ್ನ ಅಜ್ಜಿ ಮೊಮ್ಮಗಳ ಕೈಯನ್ನು ಎಡಗೈಯಲ್ಲಿ ಹಿಡಿದುಕೊಂಡರು. ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು.

"ಟಾಕಿ... ಟಾಕಿಗೆ ಬಡೀತು. ಪತಂಗ ನೋಡ್ಲಿಕ್ಕೆ ಹೋಗಿ... ಬಿದ್ನಿ. ಒಳಗ ಏನೋ... ಒಳಗ..." ತಲೆಯ ಎಡಭಾಗ ತಟ್ಟಿಕೊಂಡರು. "ಅಜ್ಜಗ ಹೇಳಬ್ಯಾಡ."

ಪೂರ್ವಿಗೆ ಟಾಕಿ ತಿಳಿಯಿತು, ಪತಂಗ ಎಂದರೆ ಗಾಳಿಪಟ, ಅದೂ ತಿಳಿಯಿತು. ಗುಜರಾತಿಯಲ್ಲೂ ಎರಡಕ್ಕೂ ಅವೇ ಮಾತು. ಉಳಿದದ್ದು ತಿಳಿಯಲಿಲ್ಲ. "ಅಜ್ಜಿ, ಏನ್ ಹೇಳ್ತಾ ಇದೀರಾ? ನನ್ಗೆ ಸಮಝ್ ಆಗ್ಲಿಲ್ಲ" ಎಂದಳು, ತನಗೆ ಬರುತ್ತಿದ್ದ ನಾಲ್ಕು ಮಾತಿನ ಕನ್ನಡದಲ್ಲಿ. ನಳಿನಿಬಾಯಿ ಮತ್ತೊಮ್ಮೆ ಹೇಳಲು ಬಾಯಿ ತೆರೆದರು. ಮಾತು ಬರಲಿಲ್ಲ. ಕಣ್ಣಲ್ಲಿ ನೀರು ಬಂತು. ಮರೆವು ಬಂದವರು ಹಳೆಯದನ್ನೆಲ್ಲ ನೆನೆದು ಅಳುತ್ತಾರೆಂದು ಪೂರ್ವಿ ಎಲ್ಲೋ ಓದಿದ್ದಳು. ಅಜ್ಜಿಯ ತಲೆಯನ್ನು ತನ್ನ ಭುಜಕ್ಕೆ ಆನಿಸಿಕೊಂಡಳು.

ಮೂರ್ನಾಲ್ಕು ದಿನ ಕಳೆದವು. ಬೆಳಿಗ್ಗೆ ಚಹಾದ ಹೊತ್ತು. ರಚನಾ ಕೊಟ್ಟ ಕಪ್ಪು ನಳಿನಿಬಾಯಿಯ ಬಲಗೈಯಿಂದ ಜಾರಿ ಮಡಿಲ ಮೇಲೆ ಬಿತ್ತು. ಬಿಸಿ ಚಹಾ ತೊಡೆಯ ಮೇಲೆ ಹರಿದರೂ ಅವರು ಹಾ ಎನ್ನಲಿಲ್ಲ. ಅದನ್ನು ನೋಡಿಯೇ ರಚನಾ ಕಿರುಚಿದ್ದು. ಹಿಂದೆಯೇ ವಾಂತಿಯಾಯಿತು, ಕತ್ತು ಒಂದು ಕಡೆಗೆ ವಾಲಿತು. "ಅಮ್ಮಾ, ಅಮ್ಮಾ" ಎಂದು ಸಂತೋಷ್ ಕೆನ್ನೆ ತಟ್ಟಿದ. ಕಣ್ಣು ಅರ್ಧ ತೆರೆದು ಮುಚ್ಚಿಕೊಂಡವು. ರಾಯರು ಎದ್ದು ನಿಂತವರು ಹಾಗೆಯೇ ನಿಂತಿದ್ದರು, ಕೈಯಲ್ಲಿ ಬಿಸ್ಕತ್ತು ಹಿಡಿದುಕೊಂಡು.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಡ್ಯೂಟಿಯಲ್ಲಿದ್ದ ಲೇಡಿ ಡಾಕ್ಟರು ಕಣ್ಣಿಗೆ ಟಾರ್ಚು ಹಿಡಿದು ನೋಡುತ್ತಲೇ ಪ್ರಶ್ನೆ ಕೇಳಿದರು. ಏನೇನು ಗುಳಿಗೆ ತಗೊಳ್ಳುತ್ತಾರೆ? ರಚನಾ ಗಡಿಬಿಡಿಯಲ್ಲೂ ಗುಳಿಗೆಯ ಚೀಲ ತಂದಿದ್ದಳು. ಡಾಕ್ಟರು ಅದನ್ನು ಮೇಜಿನ ಮೇಲೆ ಸುರಿದು, ರಕ್ತ ತೆಳುಮಾಡುವ ಗುಳಿಗೆಯನ್ನು ಒಂದು ಕೈಯಲ್ಲೂ ನೋವಿನ ಗುಳಿಗೆಯನ್ನು ಇನ್ನೊಂದು ಕೈಯಲ್ಲೂ ಎತ್ತಿಕೊಂಡರು.

"ಇವೆರಡನ್ನೂ ಒಟ್ಟಿಗೆ ತಗೊಳ್ತಿದ್ರಾ? ಎಷ್ಟು ದಿನದಿಂದ?"

ಯಾರಿಗೂ ಗೊತ್ತಿರಲಿಲ್ಲ.

"ರಕ್ತದ ಪರೀಕ್ಷೆ ಕೊನೆಗೆ ಯಾವಾಗ ಆಗಿತ್ತು?"

"ಬಹಳ ದಿನ ಆಯಿತು," ಎಂದರು ರಾಯರು.

"ಈ ಎರಡು ಮೂರು ತಿಂಗಳಲ್ಲಿ ಎಲ್ಲಾದರೂ ಬಿದ್ದಿದ್ರಾ? ತಲೆಗೆ ಪೆಟ್ಟು? ಸಣ್ಣದಾದರೂ ಸರಿ."

"ಇಲ್ಲ. ಬಿದ್ದೇ ಇಲ್ಲ," ರಾಯರು ಖಂಡಿತವಾಗಿ ಹೇಳಿದರು. "ಬಿದ್ದಿದ್ರೆ ನನಗೆ ಗೊತ್ತಾಗ್ತಿತ್ತು."

ಬಾಗಿಲ ಬಳಿ ನಿಂತಿದ್ದ ಪೂರ್ವಿ ಅಪ್ಪನ ತೋಳು ಹಿಡಿದಳು. "ಪಪ್ಪಾ, ಬಿದ್ನಿ ಅಂದ್ರೇನು?"

"ಬಿದ್ದೆ ಅಂತ. ಪಡೀ ಗಯೀ. ಯಾಕೆ?"

ಪೂರ್ವಿ ತನ್ನ ತಲೆಯ ಎಡಭಾಗ ಮುಟ್ಟಿ ತೋರಿಸಿದಳು. "ಅಜ್ಜಿ ನನಗೆ ಹೇಳಿದ್ರು. ಟಾಕಿ, ಪತಂಗ, ಬಿದ್ನಿ. ಹೀಗೆ ತಲೆ ತೋರಿಸಿದ್ರು. ನಾನು ಅದನ್ನ ಹಳೇ ಕಥೆ ಅಂದ್ಕೊಂಡೆ."

ರಾಯರು ಮೆಲ್ಲಗೆ ಬೆಂಚಿನ ಮೇಲೆ ಕೂತರು. "ಉತ್ತರಾಯಣ" ಎಂದರು ತಮಗೆ ತಾವೇ.

ಸ್ಕ್ಯಾನಿನ ಚಿತ್ರ ಬಂತು. ಮಿದುಳಿನ ಸರ್ಜನ್ ಇನ್ನೂ ನಡುವಯಸ್ಸಿನವರು, ಅವಸರವಿಲ್ಲದೆ ಮಾತಾಡುವವರು. ಪರದೆಯ ಮೇಲೆ ತಲೆಬುರುಡೆಯ ಎಡ ಒಳಮೈಗೆ ಅಂಟಿಕೊಂಡಂತೆ ಬಿದಿಗೆಯ ಚಂದ್ರನ ಆಕಾರದ ಬೂದುಬಣ್ಣದ ಪಟ್ಟಿಯಿತ್ತು. ಮಿದುಳು ಅದರಿಂದ ಒತ್ತಿಸಿಕೊಂಡು ಬಲಕ್ಕೆ ಸರಿದಿತ್ತು.

"ವಯಸ್ಸಾದ ಹಾಗೆ ಮಿದುಳು ಸ್ವಲ್ಪ ಸೊರಗುತ್ತದೆ," ಎಂದರು ಅವರು ಸಂತೋಷ್‌ಗೆ. "ಬುರುಡೆಗೂ ಮಿದುಳಿಗೂ ನಡುವೆ ಜಾಗ ಬೀಳುತ್ತದೆ. ಅಲ್ಲಿ ಹಾಯುವ ಸಣ್ಣ ರಕ್ತನಾಳಗಳು ಬಿಗಿಯಾಗಿ ಎಳೆದುಕೊಂಡಿರುತ್ತವೆ. ಸಣ್ಣ ಪೆಟ್ಟಿಗೇ ಹರಿಯುತ್ತವೆ. ನಿಮ್ಮ ಮಗಳು ಬಿದ್ದಿದ್ದರೆ ಗಂಟು ಬಂದು ಹೋಗುತ್ತಿತ್ತು. ಇವರ ರಕ್ತಕ್ಕೆ ಹೆಪ್ಪುಗಟ್ಟುವ ಶಕ್ತಿಯೇ ಉಳಿದಿಲ್ಲ, ಈಗ ಬಂದ ರಿಪೋರ್ಟಿನಲ್ಲಿ ಮಿತಿಮೀರಿ ತೆಳುವಾಗಿದೆ. ಅದಕ್ಕೇ ಹನಿಹನಿಯಾಗಿ ಇಷ್ಟು ದಿನ ತುಂಬಿಕೊಂಡಿದೆ. ಇಲ್ಲಿ ಬಿಳಿ ಕಾಣುತ್ತಲ್ಲ, ಇದು ಹೊಸ ರಕ್ತ. ಈಗಲೂ ಸುರಿಯುತ್ತಿದೆ."

"ಆಪರೇಷನ್?" ಸಂತೋಷ್ ಕೇಳಿದ.

"ಬುರುಡೆಗೆ ರಂಧ್ರ ಮಾಡಿ ಹೊರಗೆ ತೆಗೆಯಬೇಕು. ಆದರೆ ಈ ರಕ್ತ ಇಟ್ಟುಕೊಂಡು ಕತ್ತರಿ ಹಾಕುವ ಹಾಗಿಲ್ಲ. ಮೊದಲು ಅದನ್ನು ಸರಿಮಾಡುವ ಔಷಧ ಕೊಡುತ್ತೇವೆ. ಅಲ್ಲಿಯವರೆಗೆ ಮಿದುಳು ತಾಳಿಕೊಳ್ಳಬೇಕು."

"ತಾಳಿಕೊಳ್ಳದಿದ್ರೆ?"

ಸರ್ಜನ್ ಒಪ್ಪಿಗೆಯ ಕಾಗದವನ್ನು ಅವನ ಮುಂದೆ ಸರಿಸಿದರು.

ಆ ಹಗಲು ಅವರೆಲ್ಲರ ಪಾಲಿಗೆ ಉದ್ದವಾಯಿತು. ನರಕ್ಕೆ ಔಷಧ ಇಳಿಯುತ್ತಿತ್ತು, ಒಳಗೆ ರಕ್ತ ಸುರಿಯುತ್ತಿತ್ತು. ಯಾವುದು ಮೊದಲು ಗುರಿ ಮುಟ್ಟುತ್ತದೆಂದು ಹೇಳುವವರಿರಲಿಲ್ಲ. ಗಾಜಿನಾಚೆ ನಳಿನಿಬಾಯಿಯ ಎದೆ ಏರಿಳಿಯುವುದನ್ನೇ ರಾಯರು ನೋಡುತ್ತಿದ್ದರು. ಒಮ್ಮೆ ಉಸಿರು ನಿಂತಂತಾಗಿ ನರ್ಸುಗಳು ಓಡಿದರು. ಮತ್ತೆ ಹೊರಟಿತು. ಕೋಕಿಲಾಬೆನ್‌ನ ಫೋನು ಬರುತ್ತಲೇ ಇತ್ತು. ರಚನಾ ಎತ್ತಿ, "ಇನ್ನೂ ಒಳಗೇ ಇದ್ದಾರೆ" ಎಂದಷ್ಟೇ ಹೇಳಿ ಇಡುತ್ತಿದ್ದಳು. ಪೂರ್ವಿ ಒಂದು ಮೂಲೆಯಲ್ಲಿ ಕುಳಿತು, ಬಿದ್ನಿ, ಬಡೀತು, ಹೇಳಬ್ಯಾಡ ಎಂದು ತುಟಿಯಲ್ಲೇ ಅಂದುಕೊಳ್ಳುತ್ತಿದ್ದಳು. ರಾಯರು ಅವಳನ್ನು ಹತ್ತಿರ ಕರೆದರು.

"ನಿನ್ನ ತಪ್ಪಲ್ಲ, ಪುಟ್ಟಿ. ನಂಗ ಎಲ್ಲಾ ಕನ್ನಡ ಬರ್ತದ. ನಾನೇ ತಿಳ್ಕೊಳ್ಳಲಿಲ್ಲ."

ಮಧ್ಯಾಹ್ನ ಸರಿದ ಮೇಲೆ, ರಕ್ತ ಹದಕ್ಕೆ ಬಂತೆಂದು, ಆಪರೇಷನ್ ಥಿಯೇಟರಿಗೆ ಒಯ್ದರು. ಸರ್ಜನ್ ಹೊರಗೆ ಬಂದಾಗ ಮುಖದಲ್ಲಿ ದಣಿವಿತ್ತು. ಕಪ್ಪಗೆ, ಎಂಜಿನ್ ಎಣ್ಣೆಯಂಥ ಹಳೆಯ ರಕ್ತ ಬಂತು, ಒತ್ತಡ ಇಳಿದಿದೆ ಎಂದರು. ಎಚ್ಚರವಾಗುವುದನ್ನು ಕಾಯಬೇಕು.

ಎಚ್ಚರವಾದದ್ದು ಮರುದಿನ. ತಲೆಗೆ ಬ್ಯಾಂಡೇಜು, ಅದರಿಂದ ಹೊರಟ ಕೊಳವೆ, ಬೋಳಿಸಿದ ಎಡಭಾಗ. ಮೊದಲ ದಿನ ಬರಿ ನೋಟ. ಆಮೇಲೆ ನೀರು ಎಂದರು. ಬಲಗೈಯ ಬೆರಳು ಅಲುಗಿದವು. ವಾರದೊಳಗೆ ಗಂಡನ ಹೆಸರು ಹಿಡಿಯದೆ "ರೀ" ಎಂದು ಕರೆದರು. ರಾಯರು ಬಾಗಿ ಹತ್ತಿರ ಹೋದರು. ಇಷ್ಟು ದಿನ ಒಳಗೆ ಕುದಿಯುತ್ತಿದ್ದ ಮಾತು ಬಾಯಿಗೆ ಬಂದೇಬಿಟ್ಟಿತು.

"ನಂಗ ಯಾಕ ಹೇಳಲಿಲ್ಲ ನೀ? ಬಿದ್ದದ್ದು?"

"ಹೇಳಿದ್ರ... ನೀವು ಬಿಡ್ತಿದ್ರೇನು... ಹಾಡ್ಲಿಕ್ಕೆ?"

ರಾಯರು ಆಕೆಯ ಹೊದಿಕೆ ಸರಿಪಡಿಸಿದರು. ಬಿಡುತ್ತಿರಲಿಲ್ಲ, ನಿಜ.

ನಳಿನಿಬಾಯಿ ಬದುಕಿದರು. ಕೋಲು ಹಿಡಿದು ನಡೆದರು. ಗುಜರಾತಿ ಮರಳಿತು, ಆದರೆ ಮೊದಲಿನಂತಲ್ಲ. ದಿನಬಳಕೆಯ ಪದವೊಂದು ನಾಲಿಗೆಯ ತುದಿಗೆ ಬಂದು ನಿಂತುಬಿಡುತ್ತಿತ್ತು. ಆದರೂ ಮನೆಯವರ ನಿದ್ದೆಗೆಡಿಸಿದ್ದು ಅದಲ್ಲ. ರಕ್ತ ತೆಳುವಾಗುವ ಗುಳಿಗೆ ನಿಂತಿತ್ತು. ಹೃದಯ ಮಾತ್ರ ಈಗಲೂ ತಾಳ ತಪ್ಪುತ್ತಲೇ ಇತ್ತು. ಗುಳಿಗೆ ಇಲ್ಲದಿದ್ದರೆ ಹೆಪ್ಪುಗಟ್ಟಿದ ರಕ್ತ ಮಿದುಳಿಗೆ ಹೋಗಬಹುದು. ಇದ್ದರೆ ಮಿದುಳಲ್ಲಿ ರಕ್ತ ಸುರಿಯಬಹುದು. ಅತ್ತ ದರಿ ಇತ್ತ ಪುಲಿ.

ಏಪ್ರಿಲ್‌ನಲ್ಲಿ ಮತ್ತೆ ಸ್ಕ್ಯಾನು ಮಾಡಿಸಿದರು. ಎಡಭಾಗ ತಿಳಿಯಾಗಿತ್ತು. ಸರ್ಜನರೂ ಹೃದಯದ ಡಾಕ್ಟರೂ ಮಾತಾಡಿಕೊಂಡು ಬೇರೊಂದು ಹೊಸ ಗುಳಿಗೆಯ ವಿಚಾರ ಹೇಳಿದರು. ಅದರಲ್ಲಿ ಮಿದುಳಿನ ರಕ್ತಸ್ರಾವದ ಅಪಾಯ ಕಡಿಮೆ. ಇಲ್ಲವೇ ಇಲ್ಲ ಅಂತಲ್ಲ. ನೋವಿನ ಗುಳಿಗೆ ಕೇಳದೆ ಮುಟ್ಟಬಾರದು, ಬಿ.ಪಿ. ಏರಬಾರದು, ಬೀಳಬಾರದು, ಬಿದ್ದರೆ ಮುಚ್ಚಿಡಬಾರದು. ಶುರು ಮಾಡುವುದೋ ಬೇಡವೋ ಎಂದು ಸಂತೋಷ್ ಅಪ್ಪನ ಮುಖ ನೋಡಿದ, ಅಪ್ಪ ಡಾಕ್ಟರ ಮುಖ ನೋಡಿದರು.

"ನನ್ನ ತಲಿ, ನನ್ನ ಎದಿ," ನಳಿನಿಬಾಯಿ ತಡೆತಡೆದು ಹೇಳಿದರು. "ನನ್ನ ಕೇಳ್ರಿ. ಲಕ್ವಾ ಹೊಡೆದು ವರ್ಷಗಟ್ಟಲೆ ಹಾಸಿಗಿ ಮ್ಯಾಲ ಬೀಳೂದು ನಂಗ ಬ್ಯಾಡ. ಕೊಡ್ರಿ ಗುಳಗಿ."

ಗೋರ್ವಾಕ್ಕೆ ಮರಳಿದರು. ಬಚ್ಚಲಿಗೆ ಹಿಡಿಕೆ ಹಾಕಿಸಿದರು, ಕಾಲಿಗೆ ತೊಡಕುವ ಚಾಪೆಗಳು ಮಡಚಿ ಅಟ್ಟ ಸೇರಿದವು.

ಜೂನ್ ತಿಂಗಳ ಒಂದು ದಿನ. ಮಳೆ ಬರದೆ ಧಗೆ ಕೂತಿತ್ತು. ಊಟಕ್ಕೆ ಕೂತ ನಳಿನಿಬಾಯಿ ಹಣೆ ಒತ್ತಿಕೊಂಡು, "ರೀ, ತಲಿ ನೋಯ್ಲಿಕ್ಕೆ ಹತ್ತೇದ" ಎಂದರು. ಮೊದಲಾಗಿದ್ದರೆ ಹೇಳುತ್ತಿರಲಿಲ್ಲ. ರಾಯರು ಕಲಸಿದ ಅನ್ನ ಬಿಟ್ಟು ಎದ್ದರು. ಕೋಕಿಲಾಬೆನ್ ತಮ್ಮ ಮಗನ ಕಾರು ತೆಗೆಸಿದರು. ದಾರಿಯುದ್ದಕ್ಕೂ ಕೋಕಿಲಾಬೆನ್ ಗುಜರಾತಿಯಲ್ಲಿ ಒಂದಾದ ಮೇಲೊಂದು ಪ್ರಶ್ನೆ ಕೇಳುತ್ತಲೇ ಇದ್ದರು. ನಳಿನಿಬಾಯಿ ಕಣ್ಣು ಮುಚ್ಚಿಕೊಂಡೇ ಉತ್ತರ ಕೊಟ್ಟರು. ಒಂದು ಪ್ರಶ್ನೆಗೆ ಸುಮ್ಮನಾದರು. ರಾಯರು ಆಕೆಯತ್ತ ತಿರುಗಿದರು.

"ಎಷ್ಟು ಸಲ ಕೇಳ್ತೀಯೇ ಅದನ್ನೇ?" ಎಂದರು ಆಮೇಲೆ, ಗುಜರಾತಿಯಲ್ಲಿ.

ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಬಿಸಿಲಿನ ತಲೆನೋವು, ನೀರು ಕುಡಿಯಿರಿ ಎಂದರು. ರಾಯರು ರಿಪೋರ್ಟು ಮಡಚಿ ಜೇಬಿಗಿಟ್ಟು, ಹೆಂಡತಿಯ ಬಲತೋಳು ಹಿಡಿದು ಆಸ್ಪತ್ರೆಯ ಮೆಟ್ಟಿಲು ಇಳಿಯತೊಡಗಿದರು. ಒಂದೊಂದೇ ಮೆಟ್ಟಿಲು, ಅವರ ಕಣ್ಣು ಆಕೆಯ ಪಾದದ ಮೇಲೆ.